ರುಮೇನಿಯಾದ ಕ್ಲಬ್ ರಗ್ಬಿ: ಬುಕಾರೆಸ್ಟ್, ಬಾಯಾ ಮಾರೆ, ಟಿಮಿಶೋವಾರಾ – ಎಲ್ಲಿ ಕೂತರೆ ಆಟ ಕಾಣುತ್ತದೆ?

ರುಮೇನಿಯಾದಲ್ಲಿ ಕ್ಲಬ್ ರಗ್ಬಿ ನೋಡಲು ಹೊರಟವರು ಮೊದಲು ಮಾಡುವ ಕೆಲಸ ಆಸನಗಳ ಸಂಖ್ಯೆ ಹುಡುಕುವುದು. ಅಲ್ಲೇ ದಾರಿ ತಪ್ಪುತ್ತದೆ. ಈ ದೇಶದಲ್ಲಿ ದೊಡ್ಡ ಕ್ರೀಡಾಂಗಣಗಳನ್ನು ಕಟ್ಟಿದ್ದು ಫುಟ್‌ಬಾಲ್‌ಗೆ ಮತ್ತು ಓಟಕ್ಕೆ. ರಗ್ಬಿ ಬೆಳೆದದ್ದು ಸೈನ್ಯದ ಆವರಣಗಳಲ್ಲಿ, ರೈಲ್ವೆ ಕಾರ್ಖಾನೆಯ ಪಕ್ಕದಲ್ಲಿ, ವಿಶ್ವವಿದ್ಯಾಲಯದ ತೋಟಗಳಲ್ಲಿ. 1914ರಿಂದ ನಡೆದುಬಂದ ಚಾಂಪಿಯನ್‌ಷಿಪ್ ಇದು, ಆದರೂ ಇವತ್ತಿಗೂ ಅದರ ಒಳ್ಳೆಯ ಪಂದ್ಯಗಳು ನಡೆಯುವುದು ಸಣ್ಣ ಮೈದಾನಗಳಲ್ಲೇ. ಒಂದು ವಾರಾಂತ್ಯಕ್ಕೆ ಒಂದೇ ಊರು ಆರಿಸಬೇಕಾದರೆ ನಮ್ಮ ಮತ ಬಾಯಾ ಮಾರೆಗೆ. ಅಷ್ಟು ದೂರ ಹೋಗಲಾಗದಿದ್ದರೆ ರಾಜಧಾನಿ ಬುಕಾರೆಸ್ಟ್‌ನ ಆರ್ಕುಲ್ ದೆ ಟ್ರಿಯುಂಫ್ ಮೈದಾನ. ಉಳಿದವಕ್ಕೆ ಅವುಗಳದೇ ಕಾರಣ ಬೇಕು.

ಓಟದ ಟ್ರ್ಯಾಕ್ ಇದ್ದರೆ ಏನು ಕೆಡುತ್ತದೆ

ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಕ್ಲುಜ್‌ನ 30,000 ಆಸನದ ಕ್ಲುಜ್ ಅರೀನಾದಂಥ ಕಡೆ ಟಿಕೆಟ್ ಕೊಂಡವರಿಗೆ ಇದರ ಬಿಸಿ ತಟ್ಟುತ್ತದೆ.

ಪ್ರಮಾಣಿತ 400 ಮೀಟರ್ ಟ್ರ್ಯಾಕ್‌ನಲ್ಲಿ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.5 ಮೀಟರ್. ಒಳಗಿನ ಹುಲ್ಲಿನ ಅಗಲ 73 ಮೀಟರ್. ರಗ್ಬಿ ನಿಯಮದಂತೆ ಆಟದ ಅಂಗಳ 94ರಿಂದ 100 ಮೀಟರ್ ಉದ್ದ, 68ರಿಂದ 70 ಮೀಟರ್ ಅಗಲ. ಅದರಾಚೆ ಎರಡೂ ತುದಿಯಲ್ಲಿ ಇನ್‌ಗೋಲ್, ಅಂದರೆ ಚೆಂಡನ್ನು ನೆಲಕ್ಕೆ ಊರಿ ಟ್ರೈ ಎಂಬ ಅಂಕ ಗಳಿಸುವ ಜಾಗ, ಕನಿಷ್ಠ 6 ಮೀಟರ್. ಈಗ ಲೆಕ್ಕ ಹಾಕಿ: ಪೂರ್ತಿ 100×70 ಅಂಗಳಕ್ಕೆ 6 ಮೀಟರ್ ಇನ್‌ಗೋಲ್ ಸೇರಿಸಿದರೆ, ತುದಿಯ ಗೆರೆ ಇರುವಲ್ಲಿ ತಿರುವಿನ ಒಳಗೆ ಸಿಗುವ ಹುಲ್ಲು ಮಧ್ಯದಿಂದ ಪಕ್ಕಕ್ಕೆ 33.8 ಮೀಟರ್ ಮಾತ್ರ. ಬೇಕಾದ್ದು 35. ಅಂದರೆ ಇನ್‌ಗೋಲಿನ ನಾಲ್ಕೂ ಮೂಲೆಗಳು ಟ್ರ್ಯಾಕ್ ಮೇಲೆ ಹತ್ತಿ ಕೂರುತ್ತವೆ. ಇದನ್ನು ತಪ್ಪಿಸಲು ಅಂಗಳವನ್ನು 94×68ಕ್ಕೆ ಇಳಿಸಿದರೆ ಮೂಲೆ ಹುಲ್ಲಿನೊಳಗೇ ಬೀಳುತ್ತದೆ, ಆದರೆ ಉಳಿಯುವುದು ಒಂದು ಮೀಟರ್‌ಗೂ ಕಡಿಮೆ. ಗೆರೆಯಾಚೆ 5 ಮೀಟರ್ ಖಾಲಿ ಜಾಗ ಇರಬೇಕೆನ್ನುವುದು ರೂಢಿ. ಆ ಸುರಕ್ಷತೆ ಎಲ್ಲಿಂದ ಬರಬೇಕು? ಟ್ರ್ಯಾಕ್ ಮೇಲೆ ಕೃತಕ ಹುಲ್ಲಿನ ಹಾಸು ಹಾಸಿ ಸುಧಾರಿಸುತ್ತಾರೆ.

ಆಟದ ಮೇಲೆ ಇದರ ಪರಿಣಾಮ ನೇರವಾದದ್ದು. ಮೂಲೆಗೆ ಜಾರಿ ಟ್ರೈ ಹಾಕಬೇಕಾದ ವಿಂಗ್ ಆಟಗಾರ (ಅಂಚಿನಲ್ಲಿ ಓಡುವವನು) ಅರ್ಧ ಹೆಜ್ಜೆ ಮೊದಲೇ ಒಳಕ್ಕೆ ತಿರುಗುತ್ತಾನೆ. ಇನ್‌ಗೋಲ್ ಗಿಡ್ಡವಾದ್ದರಿಂದ ರಕ್ಷಣೆಯ ಬೆನ್ನ ಹಿಂದಕ್ಕೆ ತೂರಿಬಿಡುವ ಗ್ರಬರ್ ಕಿಕ್ (ನೆಲದ ಮೇಲೆ ಉರುಳುವ ಒದೆತ) ಸರ್ರನೆ ಉರುಳಿ ತುದಿಯ ಗೆರೆ ದಾಟಿ ಡೆಡ್ ಆಗುತ್ತದೆ. ದಾಳಿ ನಡೆಸುವ ಫ್ಲೈ ಹಾಫ್ ಎರಡು ಸಲ ಹಾಗೆ ಕಳೆದುಕೊಂಡ ಮೇಲೆ ಆ ಕಿಕ್ ಅನ್ನೇ ಬಿಟ್ಟುಬಿಡುತ್ತಾನೆ, ಪಂದ್ಯ ಪೂರ್ತಿ ಫಾರ್ವರ್ಡ್‌ಗಳ (ಮುಂದೆ ಆಡುವ ಎಂಟು ಜನರ) ತಳ್ಳಾಟಕ್ಕೆ ಇಳಿಯುತ್ತದೆ. ನೋಡುಗರ ಕಷ್ಟ ಬೇರೆ. ಎಂಟು ಲೇನ್‌ಗೆ 1.22ರಂತೆ ಹತ್ತಿರಹತ್ತಿರ 10 ಮೀಟರ್, ಅದರಾಚೆ ಬೇಲಿ, ಆಮೇಲೆ ಮೊದಲ ಸಾಲು. ಪೋಸ್ಟಿನ ಹಿಂದೆ ಕೂತವರಂತೂ ಬೇರೆ ಊರಲ್ಲಿ ಕೂತ ಹಾಗೆ.

ಬುಕಾರೆಸ್ಟ್: ಒಂದೇ ಊರು, ಮೂರು ಬಗೆ

ಆರ್ಕುಲ್ ದೆ ಟ್ರಿಯುಂಫ್ ರಗ್ಬಿಯ ಹಳೆಯ ಮನೆ. ಹೆಸರಾಂತ ವಿಜಯ ಕಮಾನಿನ ಪಕ್ಕದಲ್ಲೇ ಇದೆ. ಯೂರೋ 2020 ಫುಟ್‌ಬಾಲ್‌ಗೆ ಅಭ್ಯಾಸದ ಮೈದಾನ ಬೇಕೆಂಬ ನೆಪದಲ್ಲಿ ಇದನ್ನು ಕೆಡವಿ ಕಟ್ಟಿದರು, ಹೊಸದು 2021ರಲ್ಲಿ ತೆರೆಯಿತು, ಆಸನ 8,207. ಫುಟ್‌ಬಾಲ್ ಹಣದಲ್ಲಿ ರಗ್ಬಿಗೆ ಲಾಭವಾದ ಅಪರೂಪದ ಪ್ರಸಂಗ. ಟ್ರ್ಯಾಕ್ ಇಲ್ಲ, ಮೆಟ್ಟಿಲುಸಾಲು ಕಡಿದಾಗಿದೆ, ಎಂಟು ಹತ್ತನೇ ಸಾಲಿನಿಂದಲೇ ಎರಡೂ ತಂಡದ ಬ್ಯಾಕ್‌ಲೈನ್ (ಹಿಂದೆ ನಿಂತು ಓಡುವ ಬ್ಯಾಕ್ ಆಟಗಾರರ ಸಾಲು) ಎಷ್ಟು ಆಳದಲ್ಲಿ ನಿಂತಿದೆ ಎಂದು ತಿಳಿಯುತ್ತದೆ. ರಾಷ್ಟ್ರೀಯ ತಂಡ ಆಡುವುದು ಇಲ್ಲಿ.

ಕೊರತೆ ಇರುವುದು ಜನದಲ್ಲಿ. ಸಾಧಾರಣ ಲೀಗ್ ಪಂದ್ಯಕ್ಕೆ ಕೆಲವು ನೂರು ಜನ ಬಂದರೆ 8,000 ಆಸನದ ನಡುವೆ ಅವರು ಕಾಣುವುದೂ ಇಲ್ಲ, ಅವರ ಕೂಗು ಕೇಳುವುದೂ ಇಲ್ಲ. ಫೈನಲ್‌ಗೋ ರಾಷ್ಟ್ರೀಯ ಪಂದ್ಯಕ್ಕೋ ಬಂದರೆ ಇದಕ್ಕಿಂತ ಒಳ್ಳೆಯ ಜಾಗ ದೇಶದಲ್ಲಿ ಇಲ್ಲ. ಲೀಗ್‌ನ ಸಪ್ಪೆ ಶನಿವಾರಕ್ಕೆ ಬಂದರೆ ನಿಮಗೆ ಸಿಗುವುದು ಒಳ್ಳೆಯ ಕುರ್ಚಿ, ಅಷ್ಟೆ. ಮೆಟ್ರೋದ ಎಂ2 ಮಾರ್ಗದಲ್ಲಿ ಅವಿಯಾತೊರಿಲೋರ್ ನಿಲ್ದಾಣದಲ್ಲಿ ಇಳಿದು ಕಿಸೆಲೆಫ್ ರಸ್ತೆಯ ಮರಗಳಡಿ ನಡೆದುಹೋಗುವುದೇ ಸುಲಭ. ಪಂದ್ಯದ ದಿನ ಕಮಾನಿನ ಸುತ್ತಿನ ವೃತ್ತದಲ್ಲಿ ಕಾರು ಹೊಕ್ಕರೆ ಮೊದಲ ಇಪ್ಪತ್ತು ನಿಮಿಷದ ಆಟ ಹೋಯಿತೆಂದೇ ಲೆಕ್ಕ.

ಗೆಂಚಾ ಸ್ಟೆಯಾವ ಕ್ಲಬ್‌ನ ಆವರಣ. ಸ್ಟೆಯಾವ ಸೈನ್ಯದ ಕ್ಲಬ್, ದೇಶದಲ್ಲಿ ಅತಿ ಹೆಚ್ಚು ರಗ್ಬಿ ಪ್ರಶಸ್ತಿ ಗೆದ್ದದ್ದೂ ಅದೇ. ರಾಷ್ಟ್ರೀಯ ತಂಡದ ನಾಯಕನಾಗಿದ್ದ ಫ್ಲೋರಿಕಾ ಮುರಾರಿಯು ಈ ಕ್ಲಬ್‌ನವನು, ಸೈನ್ಯಾಧಿಕಾರಿ, 1989ರ ಡಿಸೆಂಬರ್ ಕ್ರಾಂತಿಯಲ್ಲಿ ಗುಂಡಿಗೆ ಬಲಿಯಾದ. ಇಲ್ಲಿ ಹೊಸಬರು ಬೀಳುವ ಹಳ್ಳ ಒಂದೇ: ಅಂತರ್ಜಾಲದಲ್ಲಿ ಸ್ಟೆಯಾವ ಮೈದಾನ ಎಂದು ಹುಡುಕಿದರೆ 31,254 ಆಸನದ ಹೊಳೆಯುವ ಕ್ರೀಡಾಂಗಣದ ಚಿತ್ರ ಬರುತ್ತದೆ. ಅದು 2021ರಲ್ಲಿ ಫುಟ್‌ಬಾಲ್‌ಗೆಂದು ತೆರೆದದ್ದು. ಲೀಗ್ ರಗ್ಬಿ ಸಾಮಾನ್ಯವಾಗಿ ನಡೆಯುವುದು ಅದೇ ಆವರಣದ ಪಕ್ಕದ ಮೈದಾನದಲ್ಲಿ. ದೊಡ್ಡ ಗೇಟಿನ ಮುಂದೆ ಕಾದು ನಿಂತರೆ ಯಾರೂ ಬಂದು ಕರೆಯುವುದಿಲ್ಲ, ಕಾವಲಿನವರನ್ನು ರಗ್ಬಿ ಎಲ್ಲಿ ಎಂದು ಕೇಳಿ ಪಕ್ಕದ ದಾರಿ ಹಿಡಿಯಬೇಕು. ಪಕ್ಕದ ಮೈದಾನದಲ್ಲಿ ಸೌಕರ್ಯ ಕಡಿಮೆ, ಹತ್ತಿರ ಹೆಚ್ಚು. ಸ್ಕ್ರಮ್ (ಎರಡೂ ತಂಡದ ಫಾರ್ವರ್ಡ್‌ಗಳು ಬೆಸೆದುಕೊಂಡು ತಳ್ಳುವುದು) ಕಟ್ಟುವಾಗ ಎರಡು ಮುಂಚೂಣಿಗಳು ಢಿಕ್ಕಿ ಹೊಡೆಯುವ ಸದ್ದು, ಮುಂಚೂಣಿಯ ನಡುವಿನ ಹುಕ್ಕರ್ ಉಸಿರು ಬಿಡುವುದು, ರೆಫರಿ ಅವನ ಪಕ್ಕದ ಪ್ರಾಪ್‌ಗೆ ಕೊಡುವ ಎಚ್ಚರಿಕೆ ಎಲ್ಲ ಕಿವಿಗೆ ಬೀಳುತ್ತದೆ. ಸ್ಕ್ರಮ್ ರುಮೇನಿಯಾದ ರಗ್ಬಿಯ ಬೆನ್ನೆಲುಬು. ಅದನ್ನು ಹತ್ತು ಮೀಟರ್ ದೂರದಿಂದ ನೋಡಬೇಕೆನ್ನುವವರಿಗೆ ರಾಜಧಾನಿಯಲ್ಲಿ ಇದೇ ಜಾಗ.

41ನೇ ನಂಬರಿನ ಟ್ರ್ಯಾಮ್ ಗೆಂಚಾದಿಂದ ಹೊರಟು ನಗರದ ಪಶ್ಚಿಮ ಭಾಗ ಬಳಸಿ ಪಿಯಾಟ್ಸಾ ಪ್ರೆಸೆಯ್ ಲಿಬೆರೆ ಎಂಬ ಚೌಕಕ್ಕೆ ಹೋಗುತ್ತದೆ. ಅಲ್ಲಿಂದ ಆರ್ಕುಲ್ ದೆ ಟ್ರಿಯುಂಫ್ ನಡೆಯುವಷ್ಟೇ ದೂರ. ಒಂದೇ ದಿನ ಎರಡು ಪಂದ್ಯ ಬಿದ್ದರೆ ಬಸ್ಸು, ಟ್ಯಾಕ್ಸಿ ಎಂದು ಒದ್ದಾಡಬೇಕಿಲ್ಲ.

ಗ್ರಿವಿಟ್ಸಾ ರೈಲ್ವೆ ಕಾರ್ಮಿಕರ ಕ್ಲಬ್, ಅದರ ಜಾಗ ಪಾರ್ಕುಲ್ ಕೊಪಿಲುಲುಯ್. 1964ರಲ್ಲಿ ಯುರೋಪಿನ ಚಾಂಪಿಯನ್ ಕ್ಲಬ್‌ಗಳ ಕಪ್ ಗೆದ್ದ ತಂಡ ಇದು, ಆಗ ಹೆಸರು ಗ್ರಿವಿಟ್ಸಾ ರೋಶಿಯೆ. ಈಗ ಆ ಮಟ್ಟದ ಆಟ ನಿರೀಕ್ಷಿಸಿ ಹೋಗಬಾರದು. ಇತಿಹಾಸದ ಮೇಲೆ ಪ್ರೀತಿ ಇದ್ದವರು, ಮಕ್ಕಳ ಮತ್ತು ಕಿರಿಯರ ಪಂದ್ಯ ನೋಡುವವರು ಹೋಗಲಿ. ಗೃಹ ಸಚಿವಾಲಯದ ಕ್ಲಬ್ ಡಿನಾಮೊ ಆಟದಲ್ಲಿ ಗಟ್ಟಿ, ಸ್ಟೆಯಾವ–ಡಿನಾಮೊ ಪಂದ್ಯದ ದಿನ ರಾಜಧಾನಿಯ ರಗ್ಬಿಗೆ ನಿಜವಾಗಿ ಕಾವೇರುತ್ತದೆ. ಆದರೆ ಅವರ ಮನೆ ಪಂದ್ಯ ಎಲ್ಲಿ ಎಂಬುದನ್ನು ಪ್ರತಿ ಸಲ ಹೊಸದಾಗಿ ವಿಚಾರಿಸಿಕೊಳ್ಳಬೇಕು.

ಬಾಯಾ ಮಾರೆಯೋ ಟಿಮಿಶೋವಾರಾವೋ

ನಿಜವಾದ ಪೈಪೋಟಿ ಇಲ್ಲಿದೆ. 2009, 2010, 2011ರಲ್ಲಿ ಸತತ ಪ್ರಶಸ್ತಿ ಬಾಯಾ ಮಾರೆಯ ಶ್ಟಿಯಿಂಟ್ಸಾ ಕ್ಲಬ್‌ಗೆ, 2012 ಮತ್ತು 2013 ಟಿಮಿಶೋವಾರಾಕ್ಕೆ, 2014 ಮತ್ತೆ ಬಾಯಾ ಮಾರೆಗೆ, 2015 ಟಿಮಿಶೋವಾರಾಕ್ಕೆ. ರಾಜಧಾನಿಯ ಹಳೆಯ ಹುಲಿಗಳು ಆ ವರ್ಷಗಳಲ್ಲಿ ಬಾಯಿಬಿಟ್ಟು ನೋಡುತ್ತ ಕೂತವು. ಕಾರಣ ಹಣ: ಎರಡೂ ಕಡೆ ನಗರಸಭೆಯ ಬೆಂಬಲ ಬಂತು, ಪೆಸಿಫಿಕ್ ದ್ವೀಪಗಳಿಂದ, ದಕ್ಷಿಣ ಆಫ್ರಿಕಾ ಮತ್ತು ನ್ಯೂಜಿಲೆಂಡ್‌ನಿಂದ ಆಟಗಾರರು ಬಂದರು.

ಟಿಮಿಶೋವಾರಾ ಇಂಗ್ಲೆಂಡಿನ ಸಾರಸೆನ್ಸ್ ಕ್ಲಬ್ ಜತೆ ಕೈಜೋಡಿಸಿ ಕೆಲವು ವರ್ಷ ಆ ಹೆಸರನ್ನೇ ಇಟ್ಟುಕೊಂಡಿತ್ತು. ಯುರೋಪಿನ ಚಾಲೆಂಜ್ ಕಪ್‌ಗೂ ಹೋಯಿತು. 2018–19ರಲ್ಲಿ ಅದರ ಗುಂಪಿನಲ್ಲಿ ಇದ್ದವರು ಫ್ರಾನ್ಸ್‌ನ ಕ್ಲೆರ್ಮೋಂ, ಇಂಗ್ಲೆಂಡಿನ ನಾರ್ಥಾಂಪ್ಟನ್ ಮತ್ತು ವೇಲ್ಸ್‌ನ ಡ್ರ್ಯಾಗನ್ಸ್. ಕೊನೆಗೆ ಆ ಕಪ್ ಗೆದ್ದದ್ದು ಕ್ಲೆರ್ಮೋಂ. ದೇಶದ ಲೀಗ್‌ನಲ್ಲಿ ಮೆರೆದ ತಂಡ ಅಲ್ಲಿ ಏಕೆ ನಜ್ಜುಗುಜ್ಜಾಯಿತು ಎಂದರೆ, ಮೊದಲ ಹದಿನೈದು ಜನ ಅರುವತ್ತು ನಿಮಿಷ ತಡೆದರೂ ಬೆಂಚಿನಿಂದ ಬರುವ ಎಂಟು ಜನರಲ್ಲಿ ಅಂತರ ಬಯಲಾಗುತ್ತದೆ.

ಯುರೋಪಿನ ಪಂದ್ಯಗಳನ್ನು ಅವರು ಆಡಿಸಿದ್ದು ಡಾನ್ ಪಲ್ಟಿನಿಶಾನು ಕ್ರೀಡಾಂಗಣದಲ್ಲಿ. 30,000ಕ್ಕೂ ಹೆಚ್ಚು ಆಸನ, ಸುತ್ತ ಓಟದ ಟ್ರ್ಯಾಕ್, ಮೇಲೆ ಹೇಳಿದ ಎಲ್ಲ ತೊಂದರೆಗಳೂ ಒಟ್ಟಿಗೆ. ಈಗ ಅದು ಇಲ್ಲ. ಲೀಗ್‌ನ ಮನೆ ಗೆಯೋರ್ಗೆ ರಷ್ಕಾನು ಮೈದಾನ, ಸಾವಿರದ ಆಸುಪಾಸಿನ ಆಸನ. ಊರಿನ ಸುತ್ತಲಿನ ಬನಾತ್ ಬಯಲಿನ ಜೇಡಿಮಣ್ಣು ಬೇಸಿಗೆಯಲ್ಲಿ ಗಟ್ಟಿಯಾಗುತ್ತದೆ, ಚೆಂಡು ಜೋರಾಗಿ ಪುಟಿಯುತ್ತದೆ, ಬ್ಯಾಕ್ ಆಟಗಾರರಿಗೆ ಹಬ್ಬ. ಅದೇ ಮಣ್ಣು ಮಳೆ ಕುಡಿದರೆ ಬೂಟಿನ ಸ್ಟಡ್‌ಗೆ ಮೆತ್ತಿಕೊಂಡು ಬಿಡುವುದೇ ಇಲ್ಲ, ಸ್ಕ್ರಮ್ ಜಾರಿ ಕುಸಿಯುತ್ತದೆ, ರೆಫರಿ ಅದೇ ಸ್ಕ್ರಮ್ ಅನ್ನು ಮೂರು ನಾಲ್ಕು ಸಲ ಕಟ್ಟಿಸುತ್ತಾರೆ. ಹೀಗಾಗಿ ಟಿಮಿಶೋವಾರಾಕ್ಕೆ ಹೋಗುವುದಿದ್ದರೆ ಮೇ ಕೊನೆ, ಜೂನ್ ಅಥವಾ ಸೆಪ್ಟೆಂಬರ್. ನವೆಂಬರ್‌ನಲ್ಲಿ ಬೇಡ.

ಬಾಯಾ ಮಾರೆಯದ್ದು ಬೇರೆ ರುಚಿ. ಉತ್ತರದ ಗಣಿ ಊರು, ಸುತ್ತ ಗುಡ್ಡ. ಲಸ್ಕರ್ ಒಸ್ಟ್ರೊವಿಯಾನು ಮೈದಾನ ಚಿಕ್ಕದು, ರಗ್ಬಿಗೆಂದೇ ಇರುವಂಥದ್ದು. ಇಲ್ಲಿ ಟಚ್‌ಲೈನ್ ಹತ್ತಿರ ಕೂತವರು ಲೈನ್‌ಔಟ್‌ಗೆ (ಹೊರಹೋದ ಚೆಂಡನ್ನು ಎರಡು ಸಾಲಿನ ನಡುವೆ ಎಸೆಯುವುದು) ಮೊದಲು ಹುಕ್ಕರ್ ಕೂಗುವ ಗುಪ್ತ ಸಂಖ್ಯೆ ಕೇಳಿಸಿಕೊಳ್ಳಬಹುದು. ನಾಲ್ಕೈದು ಲೈನ್‌ಔಟ್ ಗಮನವಿಟ್ಟು ನೋಡಿದರೆ ಯಾವ ಕೂಗಿಗೆ ಚೆಂಡು ಮುಂದಿನ ಜಿಗಿತದವನಿಗೆ, ಯಾವುದಕ್ಕೆ ಹಿಂದಕ್ಕೆ ಎಂಬುದೂ ಹೊಳೆಯತೊಡಗುತ್ತದೆ. ನೋಡುಗರೂ ಬಲ್ಲವರು. ಮಾಲ್ (ಚೆಂಡು ಹಿಡಿದವನ ಸುತ್ತ ಗುಂಪುಗೂಡಿ ನಿಂತೇ ತಳ್ಳುವುದು) ಎರಡನೇ ಸಲ ನಿಂತಾಗ ಚೆಂಡು ಹೊರತೆಗೆಯಲೇಬೇಕು ಎಂದು ರೆಫರಿಗಿಂತ ಮೊದಲು ಅಂಚಿನಲ್ಲಿ ಕೂತ ಅಜ್ಜಂದಿರೇ ಕೂಗುತ್ತಾರೆ. ಈ ತಿಳಿವಳಿಕೆ ಬುಕಾರೆಸ್ಟ್‌ನ ಖಾಲಿ ಕುರ್ಚಿಗಳಿಂದ ಬರುವುದಿಲ್ಲ, ಬಾಯಾ ಮಾರೆಗೆ ನಮ್ಮ ಮತ ಬಿದ್ದದ್ದು ಇದಕ್ಕೇ.

ಇಲ್ಲಿನ ವಿದೇಶಿ ಆಟಗಾರರ ಕಥೆಗೆ ಒಂದು ಕಹಿ ಬಾಲವೂ ಇದೆ. ಟೊಂಗಾ ಮೂಲದ ಸಿಯೋನೆ ಫಕಾಒಸಿಲಿಯಾ ಬಾಯಾ ಮಾರೆಯಲ್ಲಿ ಆಡುತ್ತಿದ್ದು ರುಮೇನಿಯಾ ತಂಡಕ್ಕೂ ಆಡಿದ. ಅವನು ಹಿಂದೆ ಟೊಂಗಾದ ಸೆವೆನ್ಸ್ (ಏಳು ಜನರ ರಗ್ಬಿ) ತಂಡದಲ್ಲಿ ಆಡಿದ್ದರಿಂದ ರುಮೇನಿಯಾಕ್ಕೆ ಆಡಲು ಅರ್ಹನಲ್ಲ ಎಂಬುದು 2018ರಲ್ಲಿ ಹೊರಬಿದ್ದು, ರುಮೇನಿಯಾ 2019ರ ವಿಶ್ವಕಪ್ ಸ್ಥಾನವನ್ನೇ ಕಳೆದುಕೊಂಡಿತು. ಆ ಜಾಗ ರಷ್ಯಾಕ್ಕೆ ಹೋಯಿತು.

ದಾರಿಯ ಲೆಕ್ಕ ಎರಡಕ್ಕೂ ಭಾರವೇ. ಬುಕಾರೆಸ್ಟ್‌ನಿಂದ ಟಿಮಿಶೋವಾರಾಕ್ಕೆ ರೈಲಿನಲ್ಲಿ ಹಗಲು ಪೂರ್ತಿ ಹೋಗುತ್ತದೆ, ಬಾಯಾ ಮಾರೆಗೆ ಅದಕ್ಕೂ ಹೆಚ್ಚು. ಬಾಯಾ ಮಾರೆಗೆ ರಾತ್ರಿ ರೈಲು ಹಿಡಿದು ಮಲಗುವ ಬರ್ತ್ ತೆಗೆದುಕೊಳ್ಳುವುದು ಜಾಣತನ. ವಿಮಾನವೂ ಇದೆ, ಆದರೆ ಊರಿನ ನಿಲ್ದಾಣ ಸಣ್ಣದು, ಮಂಜು ಕವಿದರೆ ಯೋಜನೆ ಕೆಡುತ್ತದೆ. ಕ್ಲುಜ್‌ನಲ್ಲಿ ಓದುವ, ಕೆಲಸ ಮಾಡುವ ನಮ್ಮವರಿಗೆ ಬಾಯಾ ಮಾರೆ ಸುಮಾರು 150 ಕಿಲೋಮೀಟರ್, ಬೆಳಿಗ್ಗೆ ಹೊರಟರೆ ರಾತ್ರಿಗೆ ವಾಪಸು.

ಕೋನ್‌ಸ್ಟಾಂಟ್ಸಾ ತಲುಪುವುದು ಎಲ್ಲಕ್ಕಿಂತ ಸುಲಭ. ಬುಕಾರೆಸ್ಟ್‌ನ ಮುಖ್ಯ ರೈಲು ನಿಲ್ದಾಣ ಗಾರಾ ದೆ ನೋರ್ಡ್‌ನಿಂದ 225 ಕಿಲೋಮೀಟರ್, ಎರಡು ಎರಡೂವರೆ ಗಂಟೆ. ಮಿಹಾಯ್ ನಾಕಾ ಮೈದಾನದಲ್ಲಿ ಕಪ್ಪು ಸಮುದ್ರದ ಗಾಳಿಯೇ ಹದಿನಾರನೇ ಆಟಗಾರ. ಈ ಊರಿನ ಫಾರುಲ್ ಕ್ಲಬ್ ಒಂದು ಕಾಲದಲ್ಲಿ ಚಾಂಪಿಯನ್ ಆಗಿತ್ತು, ಈಗ ಮೇಲಿನ ಲೀಗ್‌ನಲ್ಲಿ ಈ ಊರಿಗೆ ಸ್ಥಿರ ಜಾಗವಿಲ್ಲ. ಸಮುದ್ರಕ್ಕೆಂದು ಹೋದವರು ಪಂದ್ಯ ಸಿಕ್ಕರೆ ನೋಡಿ ಬನ್ನಿ, ಪಂದ್ಯಕ್ಕೆಂದೇ ಹೋಗುವುದು ಬೇಡ.

ಎಲ್ಲಿ ಕೂರಬೇಕು, ಯಾವಾಗ ಹೋಗಬೇಕು

ಸಣ್ಣ ಮೈದಾನದಲ್ಲಿ ಅರ್ಧಗೆರೆಯ ನೇರಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ಅದಕ್ಕಿಂತ 22 ಮೀಟರ್ ಗೆರೆಯ ಪಕ್ಕ ಒಳ್ಳೆಯದು, ಅದರಲ್ಲೂ ಗಾಳಿ ಬೀಸುವ ದಿಕ್ಕಿನ ತುದಿಯಲ್ಲಿ. ಗಾಳಿ ಬೆನ್ನಿಗಿರುವ ತಂಡ ಪೆನಾಲ್ಟಿಯನ್ನು ಮೂಲೆಗೆ ಒದ್ದು ಲೈನ್‌ಔಟ್, ಮಾಲ್ ಎಂದು ಅಲ್ಲೇ ಬೀಡುಬಿಡುತ್ತದೆ. ಯಾವ ದಿಕ್ಕು ಎಂದು ತಿಳಿಯಲು ಮೂಲೆಯ ಬಾವುಟ ಸಾಕು. ವಿರಾಮದಲ್ಲಿ ತುದಿ ಬದಲಾದರೂ ಗಾಳಿ ಬದಲಾಗುವುದಿಲ್ಲ, ಹಾಗಾಗಿ ಜಾಗ ಬಿಟ್ಟೇಳಬೇಕಿಲ್ಲ. ಬ್ಯಾಕ್‌ಗಳ ಆಟವೇ ಮುಖ್ಯ ಎನ್ನುವವರು ಮಾತ್ರ ಎಷ್ಟು ಮೇಲೆ ಸಿಕ್ಕರೆ ಅಷ್ಟು ಮೇಲೆ ಕೂರಲಿ. ನೆಲಮಟ್ಟದಲ್ಲಿ ಕೂತರೆ ಆಚೆ ಬದಿಯ ವಿಂಗ್ 70 ಮೀಟರ್ ಆಚೆ, ಮೂವತ್ತು ಕಾಲುಗಳ ಹಿಂದೆ.

ಚಳಿಗಾಲದಲ್ಲಿ ಲೀಗ್ ನಿಲ್ಲುತ್ತದೆ. ಫೆಬ್ರವರಿ, ಮಾರ್ಚ್ ರಾಷ್ಟ್ರೀಯ ತಂಡದ ಯುರೋಪಿಯನ್ ಪಂದ್ಯಗಳ ಕಾಲ, ಈಶಾನ್ಯದಿಂದ ಬೀಸುವ ಕ್ರಿವತ್ಸ್ ಎಂಬ ಗಾಳಿ ಮೂಳೆ ಕೊರೆಯುತ್ತದೆ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹಾಸಲು ದಪ್ಪ ಹೊದಿಕೆ ಒಯ್ಯದವರು ವಿರಾಮಕ್ಕೇ ಎದ್ದು ಹೋಗುತ್ತಾರೆ. ರೊಮೇನಿಯನ್ ವುಲ್ವ್ಸ್ ತಂಡ ರಗ್ಬಿ ಯುರೋಪ್ ಸೂಪರ್ ಕಪ್ ಆಡುವ ವಾರಗಳಲ್ಲಿ ಕ್ಲಬ್‌ಗಳ ಒಳ್ಳೆಯ ಆಟಗಾರರು ಅತ್ತ ಹೋಗಿರುತ್ತಾರೆ, ಆಗ ಲೀಗ್ ಪಂದ್ಯವಿದ್ದರೂ ಎರಡನೇ ಸಾಲಿನ ತಂಡವೇ ಕಣಕ್ಕಿಳಿಯಬಹುದು.

ಹಲವು ಮೈದಾನಗಳಲ್ಲಿ ದೀಪದ ಕಂಬ ಇಲ್ಲ ಅಥವಾ ಸಾಲದು, ಆದ್ದರಿಂದ ಪಂದ್ಯ ಶನಿವಾರ ಬೆಳಿಗ್ಗೆ 11ಕ್ಕೇ ಶುರುವಾಗುವುದುಂಟು. ಸಂಜೆಯ ಆಟವೆಂದು ಭಾವಿಸಿ ಮಧ್ಯಾಹ್ನದ ರೈಲು ಹಿಡಿಯಬೇಡಿ. ಸಮಯ ಮತ್ತು ಮೈದಾನ ಎರಡನ್ನೂ ರುಮೇನಿಯಾ ರಗ್ಬಿ ಫೆಡರೇಷನ್‌ನ ಪ್ರಕಟಣೆಯಲ್ಲಿ ಒಮ್ಮೆ, ಮನೆ ತಂಡದ ಫೇಸ್‌ಬುಕ್ ಪುಟದಲ್ಲಿ ಇನ್ನೊಮ್ಮೆ ನೋಡಿ. ಎರಡರಲ್ಲಿ ವ್ಯತ್ಯಾಸ ಕಂಡರೆ ಕ್ಲಬ್ ಹೇಳಿದ್ದನ್ನೇ ನಂಬಿ, ಗೇಟು ತೆರೆಯುವವರು ಅವರೇ. ಕೆಲವು ಕಡೆ ಪ್ರವೇಶ ಉಚಿತ, ಕೆಲವು ಕಡೆ ಗೇಟಿನಲ್ಲೇ ಕೆಲವು ಲೇ (ರುಮೇನಿಯಾದ ಹಣ) ಕೊಡಬೇಕು. ಕಾರ್ಡ್ ನಡೆಯದಿರಬಹುದು, ಜೇಬಿನಲ್ಲಿ ಚಿಲ್ಲರೆ ನೋಟು ಇರಲಿ.