‘ಲಾಕ್ ಹಾಕಿದ್ದೀವಿ ಸರ್’ ಅಂದ ತಕ್ಷಣ ದುಡ್ಡು ಕೊಡಬೇಡಿ

ಫೈಲ್ ಸಿಸ್ಟಂ ಕೋಡ್‌ನಲ್ಲಿರುವ ರೇಸ್ ಕಂಡೀಷನ್ (ಎರಡು ಕೆಲಸ ಒಂದೇ ಕ್ಷಣಕ್ಕೆ ನುಗ್ಗಿ ಒಂದನ್ನೊಂದು ಕೆಡಿಸೋ ದೋಷ) ಸರಿ ಮಾಡಿಸಲು ಹೊರಗಿನವರಿಗೆ ಕೆಲಸ ಕೊಡುವ ಯೋಚನೆ ಇದ್ದರೆ ದಯವಿಟ್ಟು ಮೊದಲು ಇದನ್ನು ಓದಿ. ನಮ್ಮ ಮೂಗಿಗೆ ಚೆನ್ನಾಗಿ ತುಪ್ಪ ಸವರಿದ್ದಾರೆ. ದುಡ್ಡೂ ಹೋಯಿತು, ಗಿರಾಕಿಗಳ ಮುಂದೆ ಮಾನವೂ ಹೋಯಿತು. ಆ ತಂಡದ ಹೆಸರು ಹೇಳುವುದಿಲ್ಲ. ಆದರೆ ಅವರು ಮಾಡಿದ್ದು ಏನು, ಕೇಳಿದಾಗ ಕೊಟ್ಟ ಉತ್ತರ ಏನು ಅಂತ ಪೂರ್ತಿ ಹೇಳುತ್ತೇನೆ.

ನಮ್ಮದು ಚಿಕ್ಕ ಸಾಫ್ಟ್‌ವೇರ್. ಪತ್ತಿನ ಸಹಕಾರ ಸಂಘಗಳು ಸಾಲದ ಪತ್ರ, ಜಾಮೀನು ಪತ್ರ ಎಲ್ಲ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳೋದಕ್ಕೆ. ಲಿನಕ್ಸ್ ಸರ್ವರ್, ಅದರ ಮೇಲೆ ಫ್ಯೂಸ್‌ನಲ್ಲಿ (ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಮುಟ್ಟದೆ ಫೈಲ್ ಸಿಸ್ಟಂ ಬರೆಯೋ ಸೌಲಭ್ಯ) ಬರೆದ ನಮ್ಮದೇ ಪುಟ್ಟ ಫೈಲ್ ಸಿಸ್ಟಂ. ಸಿಬ್ಬಂದಿಗೆ ಅದು ಮಾಮೂಲಿ ಫೋಲ್ಡರ್ ಥರ ಕಾಣುತ್ತದೆ. ಒಳಗೊಂದು ಇಂಡೆಕ್ಸ್ ಫೈಲ್ ಇದೆ. ಹೊಸ ಪತ್ರ ಬಂದಾಗ ಅದರಲ್ಲಿ ಮುಂದಿನ ಖಾಲಿ ಜಾಗದ ನಂಬರ್ ಓದಬೇಕು, ಅಲ್ಲಿ ಬರೆಯಬೇಕು, ನಂಬರ್ ಒಂದು ಹೆಚ್ಚಿಸಬೇಕು. ಎರಡು ಕೌಂಟರ್‌ನವರು ಒಂದೇ ಕ್ಷಣಕ್ಕೆ ಸೇವ್ ಒತ್ತಿದರೆ ಇಬ್ಬರಿಗೂ 412 ಸಿಗುತ್ತದೆ. ಇಬ್ಬರದ್ದೂ 412ರಲ್ಲೇ ಹೋಗಿ ಕೂರುತ್ತದೆ. ಆಮೇಲೆ ಒಬ್ಬರ ಪತ್ರ ತೆಗೆದರೆ ಇನ್ನೊಬ್ಬರದ್ದು ಬರುತ್ತದೆ.

ಅಪರೂಪಕ್ಕೆ ಆಗುತ್ತಿತ್ತು. ಮಾರ್ಚ್ ಕೊನೆಯ ಗಡಿಬಿಡಿಗೆ ಮುಂಚೆ ಸರಿಯಾಗಲೇಬೇಕಿತ್ತು. ನಮ್ಮ ಹುಡುಗರಿಗೆ ಕೈತುಂಬ ಬೇರೆ ಕೆಲಸ. ‘ಕರ್ನಲ್ ಲೆವೆಲ್‌ನಲ್ಲೇ ಕೆಲಸ ಮಾಡಿದವರು’ ಅಂತ ಹೇಳಿಕೊಂಡ ತಂಡಕ್ಕೆ ಕೊಟ್ಟೆವು. ಅರ್ಧ ಅಡ್ವಾನ್ಸ್, ಡೆಮೊ ನೋಡಿ ಉಳಿದರ್ಧ. ಎಲ್ಲರೂ ಮಾಡೋದೇ ಅಲ್ವಾ?

ಡೆಮೊ ಚೆನ್ನಾಗೇ ಇತ್ತು. ಅದೇ ನನಗೆ ಈಗಲೂ ಉರಿಯೋದು. ಒಂದು ಸ್ಕ್ರಿಪ್ಟ್ ಓಡಿಸಿ ರಾಶಿ ರಾಶಿ ಫೈಲ್ ಒಟ್ಟಿಗೇ ಸುರಿದರು. ಒಂದು ನಂಬರೂ ಡಬಲ್ ಆಗಲಿಲ್ಲ. "ನೋಡಿ ಸರ್, ಪ್ರಾಪರ್ ಲಾಕಿಂಗ್ ಹಾಕಿದ್ದೀವಿ. ಇನ್ನು ಈ ಕಡೆ ತಿರುಗಿ ನೋಡೋದೇ ಬೇಡ" ಅಂದರು. ಲಾಕ್ ಅಂದರೆ ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ಕಾಯಿಸೋ ವ್ಯವಸ್ಥೆ. ಅವತ್ತೇ ಬಾಕಿ ದುಡ್ಡು ಹಾಕಿದೆವು. ಅವತ್ತೇ!

ಮಾರ್ಚ್ ಕೊನೆಯ ವಾರ ಒಂದು ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿದರು. "ಏನ್ರೀ ಇದು, ನಮ್ಮ ಸದಸ್ಯರ ಸಾಲದ ಪತ್ರ ತೆಗೆದ್ರೆ ಯಾರದೋ ಬಂಗಾರದ ಅಡಮಾನದ ಚೀಟಿ ಬರ್ತಿದೆ?" ಆ ಸದಸ್ಯರು ಅವರ ಎದುರಿಗೇ ಕೂತಿದ್ದರಂತೆ. ಏನು ಹೇಳಲಿ ನಾನು? ಆಮೇಲೆ ಇನ್ನೊಂದು ಸಂಘದಿಂದ ಫೋನ್, ಅದೇ ಕಥೆ.

ತಂಡದವರ ಉತ್ತರ: "ನಮ್ಮ ಕಡೆ ಪರ್ಫೆಕ್ಟ್ ಆಗಿ ಓಡ್ತಿದೆ ಸರ್. ನಿಮ್ಮ ಸರ್ವರ್ ಸ್ಲೋ ಇರ್ಬೇಕು." ಇನ್ನೊಮ್ಮೆ ಕೇಳಿದರೆ, "ಇದು ಕೋಟಿಗೊಂದು ಸಲ ಆಗೋದು, ಟೆನ್ಶನ್ ಮಾಡ್ಕೋಬೇಡಿ." ಕೋಟಿಗೊಂದು ಸಲ ಆಗೋದು ಒಂದೇ ವಾರದಲ್ಲಿ ಪದೇ ಪದೇ ಹೇಗ್ರೀ ಆಗುತ್ತೆ?

ಕೊನೆಗೆ ನಮ್ಮ ಹುಡುಗನೊಬ್ಬ ಅವರ ಡೆಮೊ ಸ್ಕ್ರಿಪ್ಟ್ ತೆಗೆದು ನೋಡಿದ. ಫೈಲ್ ಸಿಸ್ಟಂ ಮೌಂಟ್ ಮಾಡೋ, ಅಂದರೆ ಶುರು ಮಾಡೋ ಸಾಲಿನ ತುದಿಯಲ್ಲಿ ಒಂದು ‘-ಎಸ್’ (-s) ಆಯ್ಕೆ. ಫ್ಯೂಸ್ ಗೊತ್ತಿದ್ದವರಿಗೆ ಇಷ್ಟು ಹೇಳಿದರೆ ಸಾಕು. ಫ್ಯೂಸ್ ಸುಮ್ನೆ ಬಿಟ್ಟರೆ ಹಲವು ಥ್ರೆಡ್‌ಗಳಲ್ಲಿ (ಒಂದೇ ಪ್ರೋಗ್ರಾಂ ಒಳಗೆ ಒಟ್ಟಿಗೇ ನಡೆಯೋ ಕೆಲಸದ ಎಳೆಗಳು) ಓಡುತ್ತದೆ. ‘-ಎಸ್’ ಹಾಕಿದರೆ ಒಂದೇ ಥ್ರೆಡ್, ಒಂದಾದ ಮೇಲೆ ಒಂದು ಕೆಲಸ. ಅಲ್ಲಿ ರೇಸ್ ಆಗೋಕೆ ಜಾಗವೇ ಇಲ್ಲ. ಹುಡುಗ ನಮ್ಮ ಹಳೇ ಕೆಟ್ಟ ಕೋಡನ್ನೇ ‘-ಎಸ್’ ಹಾಕಿ ಓಡಿಸಿ ತೋರಿಸಿದ. ಅದೂ ಪಾಸು! ಅಂದರೆ ನಾವು ಅವತ್ತು ಕೂತು ತಲೆಯಾಡಿಸಿದ್ದು ಯಾವುದಕ್ಕೆ? ಏನೂ ಮಾಡದಿದ್ದರೂ ಪಾಸಾಗೋ ಪರೀಕ್ಷೆಗೆ. ಮೈಯೆಲ್ಲ ಉರಿದುಹೋಯಿತು.

ಕೇಳಿದೆ. "ಡೀಬಗ್ ಮಾಡಕ್ಕೆ ಹಾಕಿದ್ದು ಸರ್, ತೆಗೆಯೋದು ಮರೆತುಹೋಯ್ತು." ಸ್ವಲ್ಪ ಹೊತ್ತು ಬಿಟ್ಟು, "ನೀವೂ ‘-ಎಸ್’ ಹಾಕ್ಕೊಂಡೇ ಓಡಿಸಿ ಸರ್, ಪ್ರಾಬ್ಲಮ್ಮೇ ಇರಲ್ಲ." ಇದಕ್ಕಾ ನಾವು ದುಡ್ಡು ಕೊಟ್ಟಿದ್ದು? ಹಾಗೆ ಓಡಿಸಿದರೆ ಒಂದು ಎಫ್‌ಸಿಂಕ್ (ಬರೆದದ್ದು ಡಿಸ್ಕ್ ಸೇರುವವರೆಗೆ ಕಾಯೋ ಕೆಲಸ) ತಡವಾದರೂ ಇಡೀ ಸಂಘ ಕೈಕಟ್ಟಿ ಕೂರಬೇಕು.

ಇನ್ನು ಆ ‘ಪ್ರಾಪರ್ ಲಾಕಿಂಗ್’. ಎಫ್‌ಸಿಎನ್‌ಟಿಎಲ್ ಅನ್ನೋ ಸಿಸ್ಟಂ ಕರೆಯ ಮಾಮೂಲಿ ಫೈಲ್ ಲಾಕ್ ಹಾಕಿದ್ದರು. ಅದಕ್ಕೆ ಒಡೆಯ ಪ್ರೊಸೆಸ್ (ಓಡುತ್ತಿರುವ ಇಡೀ ಪ್ರೋಗ್ರಾಂ), ಥ್ರೆಡ್ ಅಲ್ಲ. ಒಂದೇ ಪ್ರೊಸೆಸ್‌ನ ಎರಡು ಥ್ರೆಡ್ ಕೇಳಿದರೆ ಎರಡಕ್ಕೂ ‘ಆಯ್ತು ತಗೋ’ ಅನ್ನುತ್ತದೆ. ಮುಂಬಾಗಿಲಿಗೆ ಬೀಗ ಜಡಿದು ಜಗಳಗಂಟರಿಬ್ಬರನ್ನೂ ಒಳಗೇ ಕೂರಿಸಿದ ಹಾಗೆ. ನಮ್ಮ ರೇಸ್ ಇದ್ದದ್ದೇ ಥ್ರೆಡ್‌ಗಳ ನಡುವೆ!

ಹೋಗಲಿ, ಬೇರೆ ಪ್ರೊಸೆಸ್ ಆದ ಬ್ಯಾಕಪ್‌ನಿಂದಾದರೂ ಕಾಪಾಡುತ್ತಾ ಅಂದರೆ ಅದೂ ಇಲ್ಲ. ಪ್ರೋಗ್ರಾಂ ಕರ್ನಲ್‌ಗೆ ಕೇಳೋದನ್ನೆಲ್ಲ ತೋರಿಸೋ ಎಸ್‌ಟ್ರೇಸ್ ಹಾಕಿ ನೋಡಿದೆವು. ಲಾಕ್ ಸಿಕ್ಕಿತು. ಮುಂದಿನ ಸಾಲಿನಲ್ಲಿ ಅವರದೇ ಒಂದು ಫಂಕ್ಷನ್ ಅದೇ ಇಂಡೆಕ್ಸ್ ಫೈಲನ್ನು ಇನ್ನೊಮ್ಮೆ ಓಪನ್ ಮಾಡಿ, ಸೈಜ್ ನೋಡಿ, ಕ್ಲೋಸ್ ಮಾಡಿತು. ಅಷ್ಟೇ, ಲಾಕ್ ಹೋಯಿತು. ಪ್ರೊಸೆಸ್ ಆ ಫೈಲ್‌ನ ಯಾವ ಡಿಸ್ಕ್ರಿಪ್ಟರ್ (ಓಪನ್ ಮಾಡಿದಾಗ ಸಿಗೋ ಹಿಡಿಕೆ) ಕ್ಲೋಸ್ ಮಾಡಿದರೂ ಅದರ ಈ ಲಾಕ್‌ಗಳೆಲ್ಲ ಬಿಟ್ಟುಹೋಗುತ್ತವೆ. ಬರೆಯೋದು ಇನ್ನೂ ಮುಗಿದಿರಲಿಲ್ಲ, ಬ್ಯಾಕಪ್ ಒಳಗೆ ನುಗ್ಗಿ ಅರ್ಧಂಬರ್ಧ ಇಂಡೆಕ್ಸ್ ಕಾಪಿ ಮಾಡಿಕೊಂಡಿತು.

ಇದಕ್ಕೆ ಉತ್ತರ: "ಅದು ಲಿನಕ್ಸ್ ಬಗ್ ಸರ್." ಬಗ್ಗೂ ಅಲ್ಲ, ಮಣ್ಣೂ ಅಲ್ಲ. ಯುನಿಕ್ಸ್ ಥರದ ಸಿಸ್ಟಂಗಳ ಮಾನದಂಡವಾದ ಪಾಸಿಕ್ಸ್ ನಿಯಮವೇ ಹಾಗಿದೆ, ಲಿನಕ್ಸ್ ಕೈಪಿಡಿಯಾದ ಮ್ಯಾನ್ ಪೇಜ್‌ನಲ್ಲಿ ನೇರವಾಗಿ ಬರೆದಿದ್ದಾರೆ. ಈ ಕಿರಿಕಿರಿಗೇ ಅಂತ 2014ರಲ್ಲಿ ಲಿನಕ್ಸ್ 3.15ರಲ್ಲಿ ಓಎಫ್‌ಡಿ ಲಾಕ್ ಬಂತು, ಅದು ಪ್ರೊಸೆಸ್‌ಗಲ್ಲ, ಫೈಲನ್ನು ಓಪನ್ ಮಾಡಿದ ಆ ಒಂದು ಸಲಕ್ಕೆ ಅಂಟಿಕೊಂಡಿರುತ್ತದೆ. ಕರ್ನಲ್ ಲೆವೆಲ್‌ನವರು ಮ್ಯಾನ್ ಪೇಜ್ ಓದೋದಿಲ್ಲವೋ ಏನೋ.

ಜಗಳ ಆಡಿದ ಮೇಲೆ ಇನ್ನೊಂದು ವರ್ಷನ್ ಕಳಿಸಿದರು. ಅದರಲ್ಲಿ ಎರಡು ಮ್ಯೂಟೆಕ್ಸ್ (ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಒಳಬಿಡೋ ಲಾಕ್). ರೀನೇಮ್‌ನಲ್ಲಿ ಮೊದಲು ಇಂಡೆಕ್ಸ್‌ದು, ಆಮೇಲೆ ಡೈರೆಕ್ಟರಿದು. ಡಿಲೀಟ್‌ನಲ್ಲಿ ಉಲ್ಟಾ. ಒಂದಕ್ಕೊಂದು ಕಾಯುತ್ತಾ ನಿಂತು ಡೆಡ್‌ಲಾಕ್ ಆಗಿ ಕೌಂಟರ್‌ಗಳೆಲ್ಲ ಗಪ್‌ಚುಪ್. "ರೀಸ್ಟಾರ್ಟ್ ಮಾಡಿ ಸರ್." ಅಲ್ಲಿಗೆ ಅವರ ಸಹವಾಸ ಸಾಕು ಅನ್ನಿಸಿತು.

ಕೊನೆಗೆ ನಮ್ಮ ಹುಡುಗರೇ ರಾತ್ರಿ ಕೂತು ಮಾಡಿದರು. ಥ್ರೆಡ್‌ಗಳ ನಡುವೆ ಮ್ಯೂಟೆಕ್ಸ್, ಬ್ಯಾಕಪ್ ಜೊತೆಗೆ ಓಎಫ್‌ಡಿ ಲಾಕ್, ಎಲ್ಲ ಕಡೆ ಒಂದೇ ಕ್ರಮ. ಲಾಕನ್ನು ಇಂಡೆಕ್ಸ್ ಮೇಲೆ ಹಾಕದೆ ಬೇರೆಯೇ ಒಂದು ಫೈಲ್ ಮೇಲೆ ಹಾಕಿದರು. ಯಾಕೆಂದರೆ ಈಗ ಹೊಸ ಇಂಡೆಕ್ಸನ್ನು ಬೇರೆ ಹೆಸರಲ್ಲಿ ಬರೆದು, ಎಫ್‌ಸಿಂಕ್ ಮಾಡಿ, ರೀನೇಮ್‌ನಿಂದ ಹಳೆಯದರ ಜಾಗಕ್ಕೆ ತರುತ್ತೇವೆ. ಲಾಕ್ ಇಂಡೆಕ್ಸ್ ಮೇಲೇ ಇದ್ದರೆ ಕಾಯುತ್ತಿದ್ದವರಿಗೆ ಸತ್ತುಹೋದ ಹಳೇ ಫೈಲ್‌ನ ಲಾಕ್ ಸಿಗುತ್ತದೆ.

ನೀವು ಕೆಲಸ ಕೊಡೋದಾದರೆ ಮೊದಲು ಹಳೇ ಕೋಡ್ ನಿಮ್ಮ ಕಣ್ಣೆದುರಿಗೆ ಕೆಡಬೇಕು. ನಿಮ್ಮ ಮೆಷಿನ್‌ನಲ್ಲಿ, ನಿಮ್ಮ ಸ್ಟಾರ್ಟ್ ಸ್ಕ್ರಿಪ್ಟ್‌ನಲ್ಲಿ, ಬ್ಯಾಕಪ್ ಓಡುತ್ತಿರುವಾಗಲೇ. ಅದೇ ಪರೀಕ್ಷೆ ಹೊಸ ಕೋಡ್‌ಗೆ. ಥ್ರೆಡ್ ಸ್ಯಾನಿಟೈಸರ್ (ಥ್ರೆಡ್‌ಗಳ ನಡುವಿನ ತಪ್ಪು ಹುಡುಕೋ ಸಾಧನ) ಔಟ್‌ಪುಟ್ಟೂ ಕೇಳಿ, ಲಾಕ್ ಕ್ರಮ ಉಲ್ಟಾ ಇದ್ದರೆ ಅದು ಹಿಡಿದುಕೊಡುತ್ತದೆ. ಫೈಲ್ ಒಳಗಿನ ರೇಸ್ ಮಾತ್ರ ಅದಕ್ಕೆ ಕಾಣಲ್ಲ.

ದುಡ್ಡು ವಾಪಸ್ ಕೇಳಿದ್ದಕ್ಕೆ ಬಂದ ಉತ್ತರ ಇದು: "ಅಗ್ರಿಮೆಂಟ್‌ನಲ್ಲಿ ಫೈಲ್ ಲಾಕಿಂಗ್ ಅಳವಡಿಸೋದು ಅಂತಷ್ಟೇ ಇದೆ ಸರ್. ಅಳವಡಿಸಿದ್ದೀವಲ್ಲ?" ಹಾಗಾಗಿ ನಿಮ್ಮ ಅಗ್ರಿಮೆಂಟ್‌ನಲ್ಲಿ ಬರೆಸಬೇಕಾದ್ದು ಇಷ್ಟು: ಎಲ್ಲ ಥ್ರೆಡ್ ಓಡುತ್ತಿರುವಾಗ ಒಂದು ನಂಬರೂ ಡಬಲ್ ಆಗಬಾರದು, ಡಬಲ್ ಆದರೆ ಬಾಕಿ ದುಡ್ಡಿಲ್ಲ.