ಹಿಡಿಕೆ ತಿರುಗಿಸುವ ಮೇಜಿನ ಶಾರ್ಪನರ್: ಮೊನೆ ಸೊಗಸು, ಹಿಡಿತ ಒರಟು

ಮೊನೆ ಸಿದ್ಧವಾದ ಕ್ಷಣದಲ್ಲಿ ಹಿಡಿಕೆ ಇದ್ದಕ್ಕಿದ್ದಂತೆ ಹಗುರಾಗುವುದು ಈ ಶಾರ್ಪನರಿನ ಅತಿ ದೊಡ್ಡ ಸುಖ. ಮುಂಭಾಗವನ್ನು ಹೊರಕ್ಕೆಳೆದು, ಮೇಲಿನ ಗುಂಡಿಗಳನ್ನು ಒತ್ತಿ ಪೆನ್ಸಿಲ್ ತೂರಿಸಿಬಿಟ್ಟರೆ ಸ್ಪ್ರಿಂಗ್ ಅದನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ತಿರುಗಿಸಿದಂತೆ ಮರ ಹೆರೆಯುವ ಸದ್ದು ಕಿವಿಗೆ ಮಾತ್ರವಲ್ಲ, ಅಂಗೈಗೂ ತಿಳಿಯುತ್ತದೆ. ಬ್ಲೇಡಿನ ಪುಟ್ಟ ಶಾರ್ಪನರಿನಲ್ಲಿ ಎಲ್ಲಿ ನಿಲ್ಲಿಸಬೇಕೆಂಬುದು ನಮ್ಮ ಅಂದಾಜಿಗೆ ಬಿಟ್ಟದ್ದು, ಇನ್ನೊಂದೇ ಸುತ್ತು ಎಂಬ ಆಸೆಗೆ ಮೊನೆ ಮುರಿಯುವುದೂ ಉಂಟು; ಇಲ್ಲಿ ಆ ಚಿಂತೆಯಿಲ್ಲ. ಪೆನ್ಸಿಲ್ ಅಲುಗದೆ ನಿಂತಿದ್ದು, ಓರೆ ಹಲ್ಲುಗಳ ಉರುಳೆಯೇ ತಾನೂ ತಿರುಗುತ್ತ ಅದನ್ನು ಸುತ್ತುವುದರಿಂದ ಎಲ್ಲ ಬದಿಯಲ್ಲೂ ಮರ ಸಮನಾಗಿ ಸವೆಯುತ್ತದೆ. ಸೀಸ ನಡುವಿನಿಂದ ಸರಿದಿರುವ ಕಳಪೆ ಪೆನ್ಸಿಲನ್ನು ಮಾತ್ರ ಇದೂ ಸರಿಪಡಿಸಲಾರದು.

ಕೆಲಸಕ್ಕೆ ಕೂರುವ ಮುನ್ನ ಆ ದಿನಕ್ಕೆ ಬೇಕಾದ ಪೆನ್ಸಿಲ್‌ಗಳನ್ನೆಲ್ಲ ಒಟ್ಟಿಗೆ ಹೆರೆದುಕೊಳ್ಳುವುದು ನನ್ನ ರೂಢಿ: ಮೊದಲು ಗಟ್ಟಿಯಾದ 2ಎಚ್, ಆಮೇಲೆ ಎಚ್‌ಬಿ, ಕೊನೆಗೆ ಮೆತ್ತನೆಯ 4ಬಿ. ಕೊನೆಯದರಲ್ಲಿ ಹಿಡಿಕೆ ಎಷ್ಟು ಸಲೀಸಾಗಿ ಓಡುತ್ತದೆಂದರೆ, ಅಗತ್ಯವಿಲ್ಲದಿದ್ದರೂ ಮತ್ತೊಂದು ಪೆನ್ಸಿಲಿಗೆ ಕೈ ಹೋಗುತ್ತದೆ.

ಆದರೆ ಪೆನ್ಸಿಲನ್ನು ಹಿಡಿದಿಡುವ ಲೋಹದ ಹಲ್ಲುಗಳ ಬಗ್ಗೆ ನನ್ನ ಅಸಮಾಧಾನ ದಿನೇ ದಿನೇ ಬೆಳೆದಿದೆ. ಪ್ರತಿ ಬಾರಿಯೂ ಅವು ಹೊಳಪಿನ ಬಣ್ಣವನ್ನು ಕಚ್ಚಿ ಗುರುತು ಮಾಡುತ್ತವೆ. ಪೆನ್ಸಿಲ್ ಸವೆದಂತೆ ಆ ಗುರುತುಗಳು ಬೆರಳು ಹಿಡಿಯುವ ಜಾಗಕ್ಕೇ ಬಂದು ಒರಟೊರಟಾಗಿ ಚುಚ್ಚುತ್ತವೆ. ಕಾಗದದ ಪಟ್ಟಿ ಸುತ್ತಿದರೆ ಗುರುತೇನೋ ಕಡಿಮೆ, ಹಿಡಿತ ಮಾತ್ರ ಜಾರುತ್ತದೆ. ಇನ್ನೂ ಬೇಸರದ ಸಂಗತಿಯೆಂದರೆ, ಪೆನ್ಸಿಲ್ ಮೋಟಾದ ಮೇಲೆ ಹಲ್ಲುಗಳಿಗೆ ಕಚ್ಚಲು ಜಾಗವೇ ಉಳಿಯುವುದಿಲ್ಲ. ಕೊನೆಯ ತುಂಡಿನವರೆಗೂ ಬರೆದು ಮುಗಿಸುವ ನನ್ನಂಥ ಜಿಪುಣರು ಹಳೆಯ ಬ್ಲೇಡಿನ ಶಾರ್ಪನರನ್ನೂ ಮೇಜಿನ ಮೇಲೆ ಇಟ್ಟುಕೊಳ್ಳಲೇಬೇಕು.

ಮೇಣ ಬೆರೆತ ಬಣ್ಣದ ಪೆನ್ಸಿಲ್‌ಗಳು ಉರುಳೆಯ ಸಂದುಗಳಲ್ಲಿ ಮೆತ್ತಿಕೊಳ್ಳುತ್ತವೆ. ನಡುವೆ ಒಂದು ಸಾಮಾನ್ಯ ಪೆನ್ಸಿಲನ್ನು ಹೆರೆದರೆ ಅಂಟು ಬಹುಮಟ್ಟಿಗೆ ಬಿಡುತ್ತದೆ. ಆದರೂ ಅವುಗಳ ಮೆತ್ತನೆಯ ಒಡಲಿಗೆ ಇಷ್ಟು ಉದ್ದದ ಮೊನೆ ತಾಳುವುದಿಲ್ಲವಾದ್ದರಿಂದ, ಬಣ್ಣ ತುಂಬುವುದೇ ಮುಖ್ಯ ಕೆಲಸವಾದವರಿಗೆ ಇದನ್ನು ಕೊಳ್ಳಿ ಎಂದು ನಾನು ಹೇಳಲಾರೆ. ಬರೆಯುವವರೂ ಗೆರೆಚಿತ್ರ ಬಿಡಿಸುವವರೂ ಧಾರಾಳವಾಗಿ ಕೊಳ್ಳಬಹುದು; ಆದರೆ ಉರುಳೆ ಮೊಂಡಾದಾಗ ಅದೊಂದೇ ಬಿಡಿಯಾಗಿ ಸಿಗುವ ಮಾದರಿಯನ್ನು ಆರಿಸಿಕೊಳ್ಳಿ, ಇಲ್ಲದಿದ್ದರೆ ಗಟ್ಟಿಮುಟ್ಟಾದ ಇಡೀ ಯಂತ್ರವನ್ನು ಎಸೆಯಬೇಕಾಗುತ್ತದೆ.