ರೊಟ್ಟಿ ತಟ್ಟಿದರೂ ಹೆಜ್ಜೆ: ಫಿಟ್‌ನೆಸ್ ಬ್ಯಾಂಡಿನ ಎರಡು ವರ್ಷದ ಲೆಕ್ಕ

ಎರಡು ಸಾವಿರ ರೂಪಾಯಿ ಆಸುಪಾಸಿನ ಸಾಧಾರಣ ಬ್ಯಾಂಡ್ ಇದು. ಪರದೆ, ಬ್ಯಾಟರಿ, ಪಟ್ಟಿ ಯಾವುದರ ಮೇಲೂ ಎರಡು ವರ್ಷದ ನಂತರವೂ ದೂರಿಲ್ಲ. ತಕರಾರು ಇರುವುದು ಹೆಜ್ಜೆ ಲೆಕ್ಕದ್ದು. ಮೈದಾನದಲ್ಲಿ ಕೈ ಬೀಸಿಕೊಂಡು ನಡೆದರೆ ಲೆಕ್ಕ ಚೊಕ್ಕ. ಅದೇ ಬ್ಯಾಂಡ್ ಕಟ್ಟಿಕೊಂಡು ಜೋಳದ ರೊಟ್ಟಿ ತಟ್ಟಿ ನೋಡಿ, ಕಾಲು ನಿಂತಲ್ಲೇ ಇದ್ದರೂ ಹೆಜ್ಜೆ ಏರುತ್ತಾ ಹೋಗುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ಟ್ರಾಲಿ ತಳ್ಳಿಕೊಂಡು ಅರ್ಧ ಗಂಟೆ ಸುತ್ತಿ ಬನ್ನಿ, ನಡೆದ ಹೆಜ್ಜೆಗಳೇ ನಾಪತ್ತೆ.

ಇದು ಕೆಟ್ಟುಹೋದ ಬ್ಯಾಂಡಿನ ಲಕ್ಷಣವಲ್ಲ. ಒಳಗಿರುವುದು ಅಕ್ಸೆಲೆರೋಮೀಟರ್ ಎಂಬ ಪುಟ್ಟ ಚಿಪ್. ಮೂರು ದಿಕ್ಕಿನಲ್ಲಿ ಕೈ ಎಷ್ಟು ಜೋರಾಗಿ ಅಲುಗುತ್ತಿದೆ ಎಂದು ಸೆಕೆಂಡಿಗೆ ಹತ್ತಾರು ಸಲ ಅಳೆಯುವುದಷ್ಟೇ ಅದರ ಕೆಲಸ. ಚುರುಕು ನಡಿಗೆಯಲ್ಲಿ ನಿಮಿಷಕ್ಕೆ 100ರಿಂದ 120 ಹೆಜ್ಜೆ, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು. ಆ ಲಯದ ಏರಿಳಿತ ಕಂಡರೆ ಸಾಫ್ಟ್‌ವೇರ್ ಹೆಜ್ಜೆ ಎಂದು ಬರೆದುಕೊಳ್ಳುತ್ತದೆ. ರೊಟ್ಟಿ ತಟ್ಟುವ ಲಯವೂ ಅದರ ಹತ್ತಿರವೇ ಇದೆ. ಭಜನೆಯ ತಾಳ, ಬಟ್ಟೆ ಉಜ್ಜುವುದು, ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಕುಲುಕಾಟ ಎಲ್ಲವೂ ಇದೇ ಜಾತಿ. ಟ್ರಾಲಿ, ಟ್ರೆಡ್‌ಮಿಲ್ ಹಿಡಿಕೆ, ಮಗುವಿನ ಕೈ, ಕಿವಿಗೆ ಹಿಡಿದ ಫೋನ್ ಇವುಗಳಲ್ಲಿ ಮಣಿಕಟ್ಟು ಅಲುಗುವುದೇ ಇಲ್ಲ, ಎಣಿಸುವುದಾದರೂ ಏನನ್ನು?

ಸುಳ್ಳು ಹೆಜ್ಜೆ ತಡೆಯಲು ಬಹಳಷ್ಟು ಬ್ಯಾಂಡ್‌ಗಳು ಒಂದು ಉಪಾಯ ಮಾಡುತ್ತವೆ: ಸತತ ಹತ್ತು ಹೆಜ್ಜೆಯಷ್ಟು ಒಂದೇ ಲಯ ಸಿಕ್ಕ ಮೇಲಷ್ಟೇ ಹಿಂದಿನದನ್ನೂ ಸೇರಿಸಿ ಲೆಕ್ಕಕ್ಕೆ ಹಾಕುತ್ತವೆ. ಹಾಲ್‌ನಿಂದ ಅಡುಗೆಮನೆಗೆ ಆರು ಹೆಜ್ಜೆ, ಅಲ್ಲಿಂದ ಬಾಗಿಲಿಗೆ ಏಳು ಎಂದು ದಿನವಿಡೀ ಓಡಾಡುವವರಿಗೆ ಇದರಿಂದ ಅನ್ಯಾಯ. ಕಾಲೆಳೆದು ನಿಧಾನ ನಡೆಯುವ ವಯಸ್ಸಾದವರಿಗಂತೂ ಕೈಗೆ ಕಟ್ಟುವ ಯಾವ ಬ್ಯಾಂಡನ್ನೂ ಹೆಜ್ಜೆಗೋಸ್ಕರ ಕೊಡಿಸಬೇಡಿ. ಗಂಟೆಗೆ ಮೂರು ಕಿಲೋಮೀಟರ್‌ಗಿಂತ ಕೆಳಗೆ ಇಳಿದರೆ ಎಣಿಕೆ ತಪ್ಪುವುದು ಜಾಸ್ತಿ. ಸೊಂಟಕ್ಕೆ ಸಿಕ್ಕಿಸುವ ಪೆಡೋಮೀಟರ್ ಇದಕ್ಕಿಂತ ವಾಸಿ, ಆದರೆ ತೀರಾ ನಿಧಾನವಾದರೆ ಅದೂ ತಪ್ಪುತ್ತದೆ.

ನಿಮ್ಮ ಬ್ಯಾಂಡ್ ಎಷ್ಟು ತಪ್ಪುತ್ತದೆ ಎಂದು ತಿಳಿಯಲು ಕಾಲು ಗಂಟೆ ಸಾಕು. ಒಂದು ಜೇಬಿಗೆ ಐದು ಹುಣಸೆ ಬೀಜ ಹಾಕಿಕೊಳ್ಳಿ. ಬ್ಯಾಂಡಿನ ಸಂಖ್ಯೆ ಬರೆದಿಟ್ಟುಕೊಂಡು ನಡೆಯಿರಿ, ನೂರಕ್ಕೊಂದು ಬೀಜವನ್ನು ಇನ್ನೊಂದು ಜೇಬಿಗೆ ದಾಟಿಸಿ. ಬೀಜ ದಾಟಿಸುವುದು ಬ್ಯಾಂಡ್ ಇಲ್ಲದ ಕೈಯಲ್ಲಿ! 500 ಆದ ಮೇಲೆ ಒಂದು ನಿಮಿಷ ಸುಮ್ಮನೆ ನಿಂತು ಸಂಖ್ಯೆ ನೋಡಿ, ಕೆಲವು ಪರದೆಗಳು ತಡವಾಗಿ ಬದಲಾಗುತ್ತವೆ. 485ರಿಂದ 515ರ ಒಳಗಿದ್ದರೆ ನೂರಕ್ಕೆ ಮೂರರ ಒಳಗಿನ ತಪ್ಪು. ಜಪಾನಿನ ಪೆಡೋಮೀಟರ್ ಮಾನದಂಡ ಒಪ್ಪುವುದೂ ಅಷ್ಟನ್ನೇ. ಮತ್ತೊಮ್ಮೆ ಕೈಯನ್ನು ಜೇಬಿನಲ್ಲಿಟ್ಟು, ಇನ್ನೊಮ್ಮೆ ತರಕಾರಿ ಚೀಲ ಹಿಡಿದು ನಡೆಯಿರಿ. ಮೂರು ಸಂಖ್ಯೆಗಳ ನಡುವಿನ ಅಂತರ ನೋಡಿದರೆ ಪೆಟ್ಟಿಗೆಯ ಮೇಲಿನ ಜಾಹೀರಾತು ಓದುವ ಅಗತ್ಯವೇ ಇರುವುದಿಲ್ಲ.

ಸೆಟ್ಟಿಂಗ್‌ನಲ್ಲಿ ನೋಡಬೇಕಾದದ್ದು ಎರಡು. ಒಂದು, ಯಾವ ಕೈ ಎಂಬುದು. ಬಲಗೈಯವರು ಎಡಗೈಗೆ ಕಟ್ಟಿ ಆ್ಯಪ್‌ನಲ್ಲೂ ಎಡ ಎಂದೇ ಆರಿಸಬೇಕು. ಕೆಲಸ ಮಾಡುವ ಕೈಗೆ ಕಟ್ಟಿದರೆ ಪಾತ್ರೆ ತಿಕ್ಕಿದ್ದೂ ನಡಿಗೆಯಾಗುತ್ತದೆ. ಇನ್ನೊಂದು, ಹೆಜ್ಜೆಯ ಉದ್ದ. ಜಿಪಿಎಸ್ ಇಲ್ಲದ ಬ್ಯಾಂಡ್ ದೂರವನ್ನು ಅಳೆಯುವುದಿಲ್ಲ, ಹೆಜ್ಜೆಗೆ ಉದ್ದ ಗುಣಿಸುತ್ತದೆ. ಉದ್ದ ಕೊಡದಿದ್ದರೆ ಎತ್ತರದ ಸುಮಾರು 0.415 ಪಾಲು ಎಂಬಂಥ ಸೂತ್ರದಿಂದ ಊಹಿಸುತ್ತದೆ: 165 ಸೆಂ.ಮೀ. ಎತ್ತರದವರಿಗೆ 68 ಸೆಂ.ಮೀ. ನಿಜವಾದ ಹೆಜ್ಜೆ 63 ಇದ್ದರೆ 8,000 ಹೆಜ್ಜೆಗೆ 400 ಮೀಟರ್ ಪುಕ್ಕಟೆ ಸಿಕ್ಕಂತೆ. 400 ಮೀಟರ್ ಟ್ರ್ಯಾಕ್‌ನ ಒಳಸುತ್ತು ಒಮ್ಮೆ ನಡೆದು, ಹೆಜ್ಜೆ ಎಣಿಸಿ ಭಾಗಿಸಿದರೆ ಸರಿಯಾದ ಉದ್ದ ಸಿಗುತ್ತದೆ.

ಸಂಖ್ಯೆ ಏಕಾಏಕಿ ದುಪ್ಪಟ್ಟಾದರೆ ಬ್ಯಾಂಡನ್ನು ಬೈಯುವ ಮೊದಲು ಫೋನ್ ನೋಡಿ. ಜೇಬಿನ ಫೋನ್ ಕೂಡ ಹೆಜ್ಜೆ ಎಣಿಸುತ್ತಿರುತ್ತದೆ, ಕೆಲವು ಆ್ಯಪ್‌ಗಳು ಎರಡನ್ನೂ ಕೂಡಿಸಿಬಿಡುತ್ತವೆ. ಒಂದೇ ಮೂಲ ಇಟ್ಟುಕೊಳ್ಳಿ.

ಟ್ರೆಡ್‌ಮಿಲ್ ಅಥವಾ ಟ್ರಾಲಿಯಿದ್ದಾಗ ಬ್ಯಾಂಡನ್ನು ಬಿಚ್ಚಿ ಕಾಲುಚೀಲದೊಳಗೆ ಸಿಕ್ಕಿಸುವುದುಂಟು. ಕೆಲವು ಬ್ಯಾಂಡ್‌ಗಳು ಅಲ್ಲಿ ಒಂದೇ ಕಾಲನ್ನು ಎಣಿಸಿ ಅರ್ಧ ಲೆಕ್ಕ ಕೊಡುತ್ತವೆ, ಹಾಗಾಗಿ ಮೊದಲು ನೂರು ಹೆಜ್ಜೆಯ ಪರೀಕ್ಷೆ ಮಾಡಿ.

ಹತ್ತು ಸಾವಿರದ ಗುರಿ ತಪ್ಪಿತೆಂದು ರಾತ್ರಿ ಹನ್ನೊಂದಕ್ಕೆ ಹಾಲ್‌ನಲ್ಲಿ ಗಿರಕಿ ಹೊಡೆಯುವವರಿಗೆ ಒಂದು ಮಾತು. ಆ ಸಂಖ್ಯೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೊಕೆ’ ಎಂಬ ಪೆಡೋಮೀಟರ್ ಹೆಸರಿನಿಂದ. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದೇ ಅದರ ಅರ್ಥ. ಐದುನೂರು ಹೆಜ್ಜೆ ಅತ್ತಿತ್ತ ತಪ್ಪುವ ಯಂತ್ರ ಕಟ್ಟಿಕೊಂಡು 9,800ಕ್ಕೂ 10,000ಕ್ಕೂ ವ್ಯತ್ಯಾಸ ಹುಡುಕುವುದು ವ್ಯರ್ಥ. ಒಂದೇ ಬ್ಯಾಂಡ್, ಒಂದೇ ಕೈ ಇಟ್ಟುಕೊಂಡು ಈ ವಾರದ ಸರಾಸರಿಯನ್ನು ಹೋದ ವಾರದ್ದಕ್ಕೆ ಹೋಲಿಸಿದರೆ ಮಾತ್ರ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಐದಕ್ಕೆ ಮೂರೂವರೆ ಸ್ಟಾರ್.

ಫರ್ಮ್‌ವೇರ್, ಅಂದರೆ ಬ್ಯಾಂಡಿನೊಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಆದ ದಿನ ಮಾತ್ರ ಹುಣಸೆ ಬೀಜ ಮತ್ತೆ ಹೊರಗೆ ತೆಗೆಯಬೇಕು. ಎಣಿಸುವ ಸೂತ್ರ ಬದಲಾಗಿದ್ದರೆ ಹಳೆಯ ಸರಾಸರಿಯ ಜೊತೆ ಹೊಸದನ್ನು ಹೋಲಿಸುವಂತಿಲ್ಲ.